ಬಿಸಿಲಿಗೆಂದೇ ಮಾರಿದ ಲೇಪನ, ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ರದ್ದಾದ ಗ್ಯಾರಂಟಿ

ಕಲಬುರಗಿ
19 ಮೇ 2025

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ನಾನು ಕಾರು ಕೊಂಡ ಮಳಿಗೆ, ಕಲಬುರಗಿ

ವಿಷಯ: ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಹಚ್ಚುವ ರಕ್ಷಣಾ ಲೇಪನ) ವಿಫಲವಾಗಿ ಕಾರಿನ ಬಣ್ಣ ಮಾಸಿರುವುದು ಮತ್ತು ಗ್ಯಾರಂಟಿ ನಿರಾಕರಿಸಿರುವುದು

ಮಾನ್ಯರೇ,

2022ರ ಅಕ್ಟೋಬರ್‌ನಲ್ಲಿ ನಿಮ್ಮಲ್ಲಿ ಕೆಂಪು ಬಣ್ಣದ ಸಣ್ಣ ಕಾರೊಂದನ್ನು ಕೊಂಡೆ. ಹಣ ಕಟ್ಟುವ ದಿನ ನಿಮ್ಮ ಮಾರಾಟ ಪ್ರತಿನಿಧಿ, "ಸರ್, ಗಾಡಿ ಎಲ್ಲಿ ನಿಲ್ಲಿಸುತ್ತೀರಿ?" ಎಂದು ಕೇಳಿದರು. ನಮ್ಮದು ಹಳೆಯ ಓಣಿ, ಮನೆಯೊಳಗೆ ಜಾಗವಿಲ್ಲ, ರಸ್ತೆ ಬದಿಯಲ್ಲೇ ನಿಲ್ಲಬೇಕು ಎಂದೆ. "ಹಾಗಾದರೆ ಕೋಟಿಂಗ್ ಮಾಡಿಸಲೇಬೇಕು. ಅದರಲ್ಲೂ ಕೆಂಪು ಬಣ್ಣ, ನಮ್ಮ ಬಿಸಿಲಿಗೆ ಎರಡೇ ವರ್ಷದಲ್ಲಿ ಮಾಸುತ್ತದೆ. ಇದನ್ನು ಹಾಕಿಸಿದರೆ ಐದು ವರ್ಷ ಚಿಂತೆಯಿಲ್ಲ" ಎಂದರು. ₹22,000 ಕೊಟ್ಟೆ.

ಈ ಫೆಬ್ರವರಿಯಲ್ಲಿ ಕಾರಿನ ಟಾಪ್ ಮಂಕಾಗಿರುವುದು ಮೊದಲು ಕಣ್ಣಿಗೆ ಬಿತ್ತು. ಈಗ ಬಾನೆಟ್ ಕೂಡ ಹಾಗೆಯೇ ಆಗಿದೆ. ಎಷ್ಟು ಮಾಸಿದೆ ಎಂದು ತಿಳಿಯಲು ಹೊಸ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಬೇಕಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಸಾಕು: ಒಳಮೈ ಇನ್ನೂ ಕುಂಕುಮದಷ್ಟು ಕೆಂಪು, ಹೊರಮೈ ಹಳೆಯ ಇಟ್ಟಿಗೆಯ ಬಣ್ಣ. ಕಾರಿನ ಎಡಬದಿಗೆ ಕಾಂಪೌಂಡ್ ಗೋಡೆ ಅಡ್ಡವಿದೆ, ಆ ಬದಿಯ ಬಾಗಿಲುಗಳು ಚೆನ್ನಾಗಿಯೇ ಇವೆ. ಇಡೀ ಮಧ್ಯಾಹ್ನ ಪಡುವಣ ಬಿಸಿಲು ಬಡಿಯುವ ಬಲಬದಿ ಮಾಸಿದೆ. ತೊಳೆಯುವುದರಲ್ಲಿ ನನ್ನ ತಪ್ಪಿದ್ದರೆ ಎರಡೂ ಬದಿ ಒಂದೇ ರೀತಿ ಹಾಳಾಗಬೇಕಿತ್ತಲ್ಲವೇ?

ಏಪ್ರಿಲ್‌ನಲ್ಲಿ ಕಾರನ್ನು ನಿಮ್ಮಲ್ಲಿಗೆ ತಂದೆ. ನಿಮ್ಮ ತಂತ್ರಜ್ಞರು ಬಾನೆಟ್ ಮೇಲೆ ನೀರು ಚಿಮುಕಿಸಿ, ಅದು ಮಣಿಮಣಿಯಾಗಿ ಉರುಳುವುದನ್ನು ತೋರಿಸಿ, "ಕೋಟಿಂಗ್ ಇದೆ ನೋಡಿ" ಎಂದರು. ಆಮೇಲೆ ದಪ್ಪ ಅಳೆಯುವ ಮೀಟರ್ ಒತ್ತಿ, 108 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಎಂದು ಓದಿ ಹೇಳಿ, ಇದೂ ಸಾಕ್ಷಿ ಎಂದರು. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಇಲ್ಲಿ ಸುಮ್ಮನಿರುವುದು ಕಷ್ಟ. ನೀರು ಮಣಿಯಾಗುವುದು ಮೇಲ್ಮೈ ನೀರನ್ನು ಹಿಡಿದುಕೊಳ್ಳುವುದಿಲ್ಲ ಎಂಬುದನ್ನಷ್ಟೇ ಹೇಳುತ್ತದೆ, ನೇರಳಾತೀತ ಕಿರಣ ತಡೆಯುತ್ತದೋ ಇಲ್ಲವೋ ಎಂಬುದನ್ನಲ್ಲ. ಸಾಮಾನ್ಯ ಮೇಣ ಹಚ್ಚಿದರೂ ನೀರು ಮಣಿಯಾಗುತ್ತದೆ, ಕೆಸುವಿನ ಎಲೆಯ ಮೇಲೂ ಆಗುತ್ತದೆ. ಇನ್ನು ಮೀಟರ್ ಅಳೆದದ್ದು ತಗಡಿನ ಮೇಲಿರುವ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಎಲ್ಲ ಸೇರಿದ ದಪ್ಪವನ್ನು. ಇಂಥ ಲೇಪನದ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್. ಮೀಟರಿನ ಅಳತೆಯಲ್ಲೇ ಅಷ್ಟು ಹೆಚ್ಚುಕಡಿಮೆ ಇರುತ್ತದೆ.

ಬಣ್ಣವನ್ನು ಬಿಸಿಲಿನಿಂದ ಕಾಯುವುದು ಮುಖ್ಯವಾಗಿ ಕಾರ್ಖಾನೆಯಲ್ಲೇ ಹಾಕಿದ ಕ್ಲಿಯರ್ ಕೋಟ್. ಅದರಲ್ಲಿ ನೇರಳಾತೀತ ಕಿರಣ ಹೀರುವ ರಾಸಾಯನಿಕಗಳಿರುತ್ತವೆ. ವರ್ಷಗಟ್ಟಲೆ ಬಿಸಿಲು ಬಿದ್ದರೆ ಅವು ಸವೆಯುತ್ತವೆ, ರಾಳ ಒಡೆಯುತ್ತದೆ, ಹೊಳಪು ಹೋಗುತ್ತದೆ, ಕೆಳಗಿನ ಬಣ್ಣವೂ ಬಿಳಿಚಿಕೊಳ್ಳುತ್ತದೆ. ನಿಮ್ಮ ಲೇಪನದಿಂದ ಪ್ರಯೋಜನವೇ ಆಗಲಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಕಡೆಯ ಕರಿಮಣ್ಣಿನ ಧೂಳು ಒಂದು ಬಕೆಟ್ ನೀರಿಗೆ ಜಾರಿ ಹೋಗುತ್ತಿತ್ತು. ಆದರೆ ಧೂಳು ಜಾರಲೆಂದು ನಾನು ₹22,000 ಕೊಡಲಿಲ್ಲ.

ನನಗೆ ಹೆಚ್ಚು ಸಿಟ್ಟು ತರಿಸಿದ್ದು ಬೇರೆ ವಿಷಯ. ನನ್ನ ಹಿಂದಿನ ಕಾರೂ ಅದೇ ಜಾಗದಲ್ಲಿ ಎಂಟು ವರ್ಷ ನಿಂತಿತ್ತು. ಅದಕ್ಕೆ ಬಟ್ಟೆಯ ಕವರ್ ಹೊದಿಸುತ್ತಿದ್ದೆ, ಮಾರುವಾಗಲೂ ಬಣ್ಣ ಗಟ್ಟಿಯಾಗಿತ್ತು. ಹೊಸ ಕಾರಿಗೂ ₹1,400 ಕೊಟ್ಟು ಕವರ್ ತಂದಿದ್ದೆ. ಮೊದಲ ಸರ್ವಿಸ್‌ಗೆ ಬಂದಾಗ ಅದನ್ನು ಕಂಡ ನಿಮ್ಮವರು, "ಕವರ್ ಹಾಕಬೇಡಿ ಸರ್, ಧೂಳು ಉಜ್ಜಿ ಕೋಟಿಂಗ್ ಮೇಲೆ ಗೀರು ಬೀಳುತ್ತದೆ" ಎಂದರು. ಧೂಳಿನ ಮೇಲೆ ಕವರ್ ಎಳೆದರೆ ಗೀರು ಬೀಳುವುದು ನಿಜ. ಒರೆಸಿ ಹೊದಿಸಿದರೆ ಆಯಿತು. ಆದರೂ ತಿಳಿದವರ ಮಾತೆಂದು ನಂಬಿ ಅಂದೇ ಕವರ್ ಮಡಿಚಿ ಅಟ್ಟಕ್ಕೆ ಹಾಕಿದೆ. ಮೇ ತಿಂಗಳಲ್ಲಿ 42 ಡಿಗ್ರಿ ಕಾಣುವ ಊರಿನಲ್ಲಿ, ಕಾರಿಗಿದ್ದ ಒಂದೇ ನೆರಳನ್ನು ನಿಮ್ಮ ಮಾತು ಕೇಳಿ ತೆಗೆದವನು ನಾನೇ.

ಈಗ ನೀವು ಗ್ಯಾರಂಟಿ ಕಾರ್ಡಿನ ಹಿಂಬದಿ ತೋರಿಸುತ್ತಿದ್ದೀರಿ. ಓದುವ ಕನ್ನಡಕ ಸಾಲದೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿದಾಗ ಸಿಕ್ಕ ಸಾಲು ಇದು: ದೀರ್ಘಕಾಲ ನೇರ ಬಿಸಿಲಿಗೆ ಒಡ್ಡಿದ ವಾಹನಗಳಿಗೆ ಅನ್ವಯಿಸುವುದಿಲ್ಲ. ಈ ಕಾರ್ಡ್ ನನ್ನ ಕೈಸೇರಿದ್ದು ಹಣ ಕಟ್ಟಿದ ಮೇಲೆ, ಕೀಲಿಕೈ ಜೊತೆಗೆ. ಕಾರು ಬಿಸಿಲಲ್ಲಿ ನಿಲ್ಲುತ್ತದೆ ಎಂದೇ ಮಾರಿದಿರಿ, ಬಿಸಿಲಲ್ಲಿ ನಿಂತಿತು ಎಂದೇ ಕೈಬಿಟ್ಟಿರಿ. ಕೆಂಪು ಬಣ್ಣದ್ದೂ ಇದೇ ಕಥೆ: ಬೇಗ ಮಾಸುತ್ತದೆ ಎಂಬುದು ಅಂದು ಕೋಟಿಂಗ್ ಹಾಕಿಸಲು ಕಾರಣವಾಗಿತ್ತು, ಇಂದು ಹಣ ಹಿಂತಿರುಗಿಸದಿರಲು ಕಾರಣವಾಗಿದೆ. ಹಕ್ಕಿಯ ಹಿಕ್ಕೆ ಕಾರಣವಿರಬಹುದು ಎಂದೂ ನಿಮ್ಮವರು ಹೇಳಿದರು. ಹಿಕ್ಕೆ ಬಣ್ಣ ಕೊರೆಯುತ್ತದೆ, ಒಪ್ಪುತ್ತೇನೆ. ಆದರೆ ಅದು ಬಿದ್ದಲ್ಲಿ ಕಲೆ ಮಾಡುತ್ತದೆಯೇ ಹೊರತು ಇಡೀ ಟಾಪನ್ನು ಸಮನಾಗಿ ಬಿಳಿಚಿಸುವುದಿಲ್ಲ. ಅಲ್ಲದೆ ನಮ್ಮ ಓಣಿಯಲ್ಲಿ ಹಕ್ಕಿ ಕೂರುವಂಥ ಮರವೊಂದಿದ್ದರೆ ನಾನು ಅದರ ನೆರಳಲ್ಲೇ ಕಾರು ನಿಲ್ಲಿಸುತ್ತಿದ್ದೆ.

ಉಚಿತ ಪಾಲಿಶ್ ಮಾಡಿಕೊಡುವ ನಿಮ್ಮ ಪ್ರಸ್ತಾಪ ನನಗೆ ಬೇಡ. ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನೇ ತುಸು ಸವೆಸಿ ಹೊಳಪು ತರುವುದು. ಈಗಾಗಲೇ ಸತ್ವ ಕಳೆದುಕೊಂಡ ಪದರವನ್ನು ಇನ್ನಷ್ಟು ತೆಳುವಾಗಿಸಿದರೆ ನಾಲ್ಕು ದಿನ ಮಿಂಚಬಹುದು, ಮುಂದಿನ ಬೇಸಿಗೆಗೆ ಸಿಪ್ಪೆ ಏಳುತ್ತದೆ.

ನನಗೆ ಬೇಕಾದದ್ದು ಇಷ್ಟು. ಲೇಪನದ ₹22,000 ಮತ್ತು ಗ್ಯಾರಂಟಿ ಉಳಿಯಲು ಕಡ್ಡಾಯವೆಂದು ಮೂರು ಬಾರಿ ಕಟ್ಟಿಸಿಕೊಂಡ ನಿರ್ವಹಣೆಯ ₹5,400, ಒಟ್ಟು ₹27,400 ಮರಳಿಸಬೇಕು. ಟಾಪ್, ಬಾನೆಟ್ ಮತ್ತು ಬಲಬದಿಗೆ ಹೊಸದಾಗಿ ಬಣ್ಣ ಹಾಕಿಸಿಕೊಡಬೇಕು, ಇಲ್ಲವೇ ಅದರ ವೆಚ್ಚ ಭರಿಸಬೇಕು. ಬೇರೆ ಗ್ಯಾರೇಜಿನ ಅಂದಾಜು ಪಟ್ಟಿ ಲಗತ್ತಿಸಿದ್ದೇನೆ. ನಿಮ್ಮ ಮಳಿಗೆಯಲ್ಲಿ ಇಂದಿಗೂ ತೂಗುತ್ತಿರುವ "ಬಿಸಿಲಿಗೆ 5 ವರ್ಷ ರಕ್ಷಣೆ" ಫಲಕದ ಕೆಳಗೆ ಕಾರ್ಡಿನ ಆ ಸಾಲನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ, ಅಥವಾ ಫಲಕವನ್ನೇ ಇಳಿಸಿ.

15 ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿಯೂ ಬಗೆಹರಿಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಮೊತ್ತದ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ಮತ್ತೊಮ್ಮೆ ಪರಿಶೀಲಿಸುವುದಾದರೆ ನಿಮ್ಮ ತಂತ್ರಜ್ಞರನ್ನು ಮನೆಗೇ ಕಳುಹಿಸಿ. ಮಧ್ಯಾಹ್ನ ಎರಡರ ಹೊತ್ತಿಗೆ ಬಂದರೆ ಒಳ್ಳೆಯದು. ಕಾರು ಹೊರಗೇ ಇರುತ್ತದೆ, ಈಗ ಕವರ್ ಹೊದ್ದುಕೊಂಡು.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಕೋಟಿಂಗ್ ಬಿಲ್, ಮೂರು ನಿರ್ವಹಣಾ ರಸೀದಿಗಳು, ಗ್ಯಾರಂಟಿ ಕಾರ್ಡಿನ ಎರಡೂ ಬದಿಯ ಪ್ರತಿ, ಬಣ್ಣದ ಅಂದಾಜು ಪಟ್ಟಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳ-ಹೊರ ಫೋಟೊಗಳು