ಮೂರು ತಪ್ಪಿಗೆ ಬೀಗ: ಕೊಪ್ಪಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಗಂಗಾವತಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ನನ್ನದು. ಮೊನ್ನೆ ಕಾರಟಗಿ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಕೊನೆಯ ದಿನ ಅರ್ಜಿ ಹಾಕಲು ಬಂದಳು. ಪಾಸ್‌ವರ್ಡ್ ಸರಿಯಾಗಿಯೇ ಹೊಡೆದೆವು. ‘ಮೂರು ತಪ್ಪು ಪ್ರಯತ್ನ; ಖಾತೆ 24 ಗಂಟೆ ಸ್ಥಗಿತ’ ಎಂದು ಬಂತು. ಅವಳು ವಾರದಿಂದ ಆ ಖಾತೆಯ ತಂಟೆಗೇ ಹೋಗಿರಲಿಲ್ಲ; ಬೇರೆ ಯಾರೋ ಪಾಸ್‌ವರ್ಡ್ ಊಹಿಸಿ ನೋಡಿದ್ದಿರಬೇಕು. ಸಂಜೆಯವರೆಗೆ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದು, ಅಂಕಪಟ್ಟಿಯ ಚೀಲ ಎತ್ತಿಕೊಂಡು ಕೊನೆಯ ಬಸ್ಸಿಗೆ ಹೊರಟಳು.

ಈ ಬೀಗ ಕಳ್ಳನನ್ನಾದರೂ ತಡೆಯುತ್ತದೆಯೇ? ಆ ಅರ್ಜಿಯ ಜಾಲತಾಣದಲ್ಲಿ ಕೊಡುವ ಮೊದಲ ಪಾಸ್‌ವರ್ಡ್ ನೋಡಿ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಮುಂದೆ ಹುಟ್ಟಿದ ದಿನ, ತಿಂಗಳು. ನಮ್ಮ ಸೀಮೆಯಲ್ಲಿ ಹುಲಿಗೆಮ್ಮಂದಿರು, ಹನುಮಂತಪ್ಪಗಳು ಓಣಿಗೆ ನಾಲ್ಕು ಮಂದಿ. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಬರೆದ ಜೂನ್ 1 ಎಷ್ಟೋ ಜನರ ಜನ್ಮದಿನ, ನನ್ನದೂ ಅದೇ. ‘ಹುಲಿ’ಯ ಮುಂದೆ ‘0106’ ಸೇರಿಸಿ ಖಾತೆಗೆ ಒಂದೇ ಸಲದಂತೆ ಸಾವಿರ ಖಾತೆಗಳಲ್ಲಿ ಹೊಡೆದು ನೋಡುವ ಯಂತ್ರಕ್ಕೆ ಮೂರು ತಪ್ಪಿನ ನಿಯಮ ತಾಗುವುದೇ ಇಲ್ಲ. ತಾಗುವುದು ನಮ್ಮ ಹುಡುಗಿಗೆ.

ಹಾಗೆಂದು ಮಿತಿಯೇ ಬೇಡವೆನ್ನುತ್ತಿಲ್ಲ. ನಾಲ್ಕಂಕಿಯ ಪಿನ್‌ಗೆ ಇರುವುದೇ 10,000 ಸಾಧ್ಯತೆ. ಸೆಕೆಂಡಿಗೆ ಹತ್ತರಂತೆ ಊಹಿಸಿದರೆ ಹದಿನೇಳು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಬೀಗದ ಬದಲು ಕಾಯಿಸಬಹುದು: ಮೊದಲ ತಪ್ಪಿಗೆ ಒಂದು ಸೆಕೆಂಡ್, ಆಮೇಲೆ ಎರಡು, ನಾಲ್ಕು, ಎಂಟು. ನಾಲ್ಕು ಸಲ ತಪ್ಪಿದ ಅಜ್ಜ ಒಟ್ಟು ಕಾಯುವುದು 15 ಸೆಕೆಂಡ್. ಇಪ್ಪತ್ತನೆಯ ತಪ್ಪಿಗೆ ಯಂತ್ರ ಕಾಯಬೇಕಾದ್ದು ಆರು ದಿನ. ಮಾಲೀಕರು ಹಿಂದೆ ಲಾಗಿನ್ ಆಗಿದ್ದ ಮೊಬೈಲಿನ ಎಣಿಕೆ ಬೇರೆಯೇ ಇದ್ದರೆ, ಪರರ ತಪ್ಪಿಗೆ ಅವರು ಕಾಯಬೇಕಿಲ್ಲ.

ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ ನೋಡಿ ತಡೆಯುತ್ತೇವೆ ಎಂದು ಗುತ್ತಿಗೆದಾರರು ಹೇಳಿಯಾರು. ನನ್ನ ಅಂಗಡಿಗೆ ದಿನಕ್ಕೆ ಅರವತ್ತು ಜನ ಬರುತ್ತಾರೆ, ಎಲ್ಲರದೂ ಒಂದೇ ವಿಳಾಸ. ತಡೆಯುವ ವಿಳಾಸಗಳ ಪಟ್ಟಿಯಲ್ಲಿ ಮೊದಲು ಸಿಕ್ಕಿಬೀಳುವವನು ನಾನೇ. ದಾಳಿಕೋರರಿಗೆ ವಿಳಾಸಗಳ ಬರವಿಲ್ಲ. 2013ರಲ್ಲಿ ಗಿಟ್‌ಹಬ್ ಎಂಬ, ತಂತ್ರಾಂಶ ಬರೆಯುವವರ ಜಾಲತಾಣದ ಮೇಲೆ ನಡೆದ ಇಂಥ ಪಾಸ್‌ವರ್ಡ್ ಊಹೆಯ ದಾಳಿ ಸುಮಾರು 40,000 ವಿಳಾಸಗಳಿಂದ, ಅದೂ ನಿಧಾನವಾಗಿ ಬಂದಿತ್ತು.

ಜಿಲ್ಲೆಯಲ್ಲಿ ಮುಂದೆ ಯಾವ ಜಾಲತಾಣದ ಟೆಂಡರ್ ಕರೆದರೂ ಈ ಕಾಯಿಸುವ ಕ್ರಮವನ್ನು ಷರತ್ತಿನಲ್ಲಿ ಬರೆಸಿ. ಒಟಿಪಿ ಊಹೆಗೂ ಮಿತಿ ಇರಲಿ. ಹೆಸರು, ಹುಟ್ಟಿದ ದಿನದಿಂದ ಪಾಸ್‌ವರ್ಡ್ ಕಟ್ಟುವ ಪದ್ಧತಿಯನ್ನು ಮಾತ್ರ ಈ ತಿಂಗಳೇ ನಿಲ್ಲಿಸಿ. ಅದಕ್ಕೆ ಟೆಂಡರ್ ಬೇಕಿಲ್ಲ. ದಾಳಿ ಕಂಡರೆ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕೆಂಬ 2022ರ ನಿರ್ದೇಶನ ಸರ್ಕಾರಿ ಸಂಸ್ಥೆಗಳಿಗೂ ಇದೆ, ಅದನ್ನೂ ಒಮ್ಮೆ ನೆನಪಿಸಿ.

ಇನ್ನೊಂದು ಮಾತು. ಖಾತೆ ಸಿಕ್ಕಿಬಿದ್ದಾಗ ಗುರುತಿನ ಚೀಟಿ ನೋಡಿ ಬಿಡಿಸಿಕೊಡುವ ಒಬ್ಬ ಸಿಬ್ಬಂದಿ ತಾಲ್ಲೂಕು ಕಚೇರಿಯಲ್ಲಿ ಇರಲಿ, ಅರ್ಜಿಯ ಕೊನೆಯ ದಿನವಾದರೂ.

ಇಂತಿ,
ಗಂಗಾವತಿಯ ಒಬ್ಬ ಅಂಗಡಿಯವನು