ಉಸಿರನ್ನು ಅಳಿಸದೆ ಬಿಟ್ಟವರಿಗೆ

ನಮ್ಮ ಹಳೆ ರಾಕ್ ಹಾಡುಗಳನ್ನು ಎಲೆಕ್ಟ್ರಾನಿಕ್ ಪ್ರೊಡ್ಯೂಸರ್‌ಗಳು ಹೊಸದಾಗಿ ಕಟ್ಟಿದ ಆಲ್ಬಂನ ಹನ್ನೊಂದು ಹಾಡೂ ಮುಗಿದವು. ಕೊನೆಯ ಮಿಕ್ಸ್, ಅಂದರೆ ದನಿ-ವಾದ್ಯ ಎಲ್ಲ ಬೆರೆಸಿದ ರೂಪ, ರಾತ್ರಿ ಎರಡು ಗಂಟೆಗೆ ಬಂತು. ಮೊದಲು ಹೆಡ್‌ಫೋನ್‌ನಲ್ಲಿ ಕೇಳಿದೆ, ಆಮೇಲೆ ದೊಡ್ಡ ಸ್ಪೀಕರ್‌ನಲ್ಲಿ, ಕೊನೆಗೆ ಫೋನಿನ ಪುಟಾಣಿ ಸ್ಪೀಕರ್‌ನಲ್ಲಿ. ನೀವೆಲ್ಲ ಕೇಳೋದು ಅದರಲ್ಲೇ ಅಲ್ವಾ? ಮೂರು ಸಲ ಕೇಳಿದ ಮೇಲೂ ಏನನ್ನೂ ಬದಲಾಯಿಸಬೇಕು ಅನ್ನಿಸಲಿಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ಇದು ಸಣ್ಣ ಮಾತಲ್ಲ. ನಿದ್ದೆ ಹೇಗೂ ಬರುವುದಿಲ್ಲ, ಬೆಳಗಾಗುವ ಮೊದಲೇ ಥ್ಯಾಂಕ್ಸ್ ಹೇಳಿಬಿಡೋಣ ಅಂತ ಕೂತಿದ್ದೇನೆ.

ಪ್ರೊಡ್ಯೂಸರ್‌ಗಳ ಹೆಸರು ಇಲ್ಲಿ ಬರೆಯುತ್ತಿಲ್ಲ. ಆಲ್ಬಂ ಕವರ್ ಮೇಲೆ ದೊಡ್ಡದಾಗಿ ಇರುತ್ತಲ್ಲ, ಇಲ್ಲಿ ಬೇಡ, ನಾಚಿಕೆ ಆಗುತ್ತದೆ ಅಂತ ಅವರೇ ಹೇಳಿದರು.

ಮೊದಲು ಗಂಟಲಿನ ಕಥೆ. ಮೂರು ವರ್ಷದ ಹಿಂದೆ ಒಂದು ಶೋನಲ್ಲಿ, ಎರಡನೇ ಹಾಡಿನ ಎತ್ತರದ ಸ್ವರಕ್ಕೆ ಬಾಯಿ ತೆರೆದೆ, ಬರೀ ಗಾಳಿ ಬಂತು. ಮೈಕ್ ಕೆಟ್ಟಿದೆ ಅಂದುಕೊಂಡು ಸೌಂಡ್ ಹುಡುಗನ ಕಡೆ ಕಣ್ಣು ಕೆಕ್ಕರಿಸಿದೆ (ಅವನಿಗೂ ಇಲ್ಲಿಂದಲೇ ಸಾರಿ). ಧ್ವನಿತಂತುವಿನ ಮೇಲೆ ಪಾಲಿಪ್, ಅಂದರೆ ಒಂದು ಸಣ್ಣ ಮಾಂಸದ ಗಡ್ಡೆ, ಬೆಳೆದಿತ್ತು. ಹಾಡುವಾಗ ಆ ಎರಡು ತಂತುಗಳು ಸೆಕೆಂಡಿಗೆ ನೂರಾರು ಸಲ ಒಂದಕ್ಕೊಂದು ಬಡಿಯುತ್ತವಂತೆ. ಮೂವತ್ತು ವರ್ಷ ಕಿರುಚಿದವರ ಗಂಟಲು ಸುಮ್ನೆ ಇರುತ್ತಾ? ಆಪರೇಷನ್ ಆಯಿತು. ಆಮೇಲೆ ಪೂರ್ತಿ ಮೌನ. ಮನೆಯಲ್ಲಿ ಚೀಟಿ ಬರೆದು ಮಾತಾಡುತ್ತಿದ್ದೆ. ಜಗಳ ಕೂಡ ಚೀಟಿಯಲ್ಲೇ. ಚೀಟಿಯಲ್ಲಿ ಜಗಳ ಆಡಿದರೆ ಗೆಲ್ಲುವುದು ಬಾಯಿ ಇರುವವರೇ, ಅದನ್ನಂತೂ ಚೆನ್ನಾಗಿ ಕಲಿತೆ.

ದನಿ ವಾಪಸ್ ತಂದುಕೊಟ್ಟದ್ದು ಒಂದು ಸ್ಟ್ರಾ. ತಮಾಷೆಯಲ್ಲ. ಥೆರಪಿಸ್ಟ್ ಮೇಡಂ ಒಂದು ಲೋಟ ನೀರಿಟ್ಟು, ಅದರಲ್ಲಿ ಎರಡು ಬೆರಳಿನಷ್ಟು ಸ್ಟ್ರಾ ಮುಳುಗಿಸಿ, ಅದರೊಳಗೆ ಊಂ ಅನ್ನುತ್ತಾ ಕೆಳಗಿನ ಸ್ವರದಿಂದ ಮೇಲಕ್ಕೆ ಹೋಗಿ ಅಂದರು. ನೀರು ಗುಳುಗುಳು ಅನ್ನುತ್ತದೆ. ಗಾಳಿ ಸ್ವಲ್ಪ ಹಿಂದಕ್ಕೆ ಒತ್ತಿದಾಗ ತಂತುಗಳ ಮೇಲೆ ಬೀಳುವ ಹೊಡೆತ ಮೆತ್ತಗಾಗುತ್ತದೆ, ಅದೇ ಗುಟ್ಟು. ರಾಕ್ ಹಾಡುಗಾರ ಅಂತ ಎದೆ ಉಬ್ಬಿಸಿ ತಿರುಗಿದ ನಾನು ತಿಂಗಳುಗಟ್ಟಲೆ ಲೋಟದಲ್ಲಿ ಗುಳ್ಳೆ ಬಿಟ್ಟೆ. ಮೇಡಂ ಒಂದು ದಿನವೂ ನಗಲಿಲ್ಲ. ನಿಮಗೆ ಮೊದಲ ನಮಸ್ಕಾರ.

ದನಿ ಬಂತು, ಆದರೆ ಹಳೆಯದು ಬರಲಿಲ್ಲ. ಮೇಲಿನ ಮೂರು ಸೆಮಿಟೋನ್, ಅಂದರೆ ಮೂರು ಅರ್ಧ ಸ್ವರ, ಹೋಗೇಬಿಟ್ಟಿತ್ತು. ಕೆಳಗೆ ಮಾತ್ರ ಒಂದು ಥರದ ಮಣ್ಣಿನ ದನಿ ಹೊಸದಾಗಿ ಸೇರಿಕೊಂಡಿತ್ತು. ಹಳೆ ಹಾಡುಗಳನ್ನು ಹಾಡಲು ನೋಡಿದರೆ ಪ್ರತಿ ಸಲವೂ ಸೋಲು. ಇನ್ನು ಸಾಕು ಅಂತ ತೀರ್ಮಾನ ಮಾಡಿದ್ದೆ, ಯಾರಿಗೂ ಹೇಳಿರಲಿಲ್ಲ ಅಷ್ಟೆ.

ಆಗ ಒಂದು ಮೆಸೇಜ್ ಬಂತು. ಗುರುತಿಲ್ಲದ ಹುಡುಗ. "ಸರ್, ನಿಮ್ಮ ಹಳೆ ಹಾಡುಗಳ ಬಿಡಿ ಟ್ರ್ಯಾಕ್ ಸಿಗುತ್ತಾ? ಒಂದು ಪ್ರಯತ್ನ ಮಾಡಬೇಕು." (ಬಿಡಿ ಟ್ರ್ಯಾಕ್ ಅಂದರೆ ಗಾಯನ, ಗಿಟಾರ್, ಡ್ರಮ್ಸ್ ಒಂದೊಂದೂ ಬೇರೆಬೇರೆಯಾಗಿ ಇರುವ ರೆಕಾರ್ಡಿಂಗ್.) ಆರು ವಾರ ಉತ್ತರ ಕೊಡಲಿಲ್ಲ. ಕೊಟ್ಟಾಗಲೂ ಒರಟಾಗಿ ಕೊಟ್ಟೆ. ನಿಜ ಹೇಳಿಬಿಡುತ್ತೇನೆ, ನನಗೆ ಎಲೆಕ್ಟ್ರಾನಿಕ್ ಸಂಗೀತದವರ ಬಗ್ಗೆ ತಾತ್ಸಾರ ಇತ್ತು. ಬಟನ್ ಒತ್ತುವವರು, ಬೆರಳಲ್ಲಿ ಗಂಟು ಬೀಳದವರು ಅಂತೆಲ್ಲ ಸ್ಟೇಜ್ ಮೇಲೇ ಗೇಲಿ ಮಾಡಿದ್ದೇನೆ. ಅವನು ಅದನ್ನೂ ಕೇಳಿದ್ದನಂತೆ. ಆದರೂ ತಾಳ್ಮೆಯಿಂದ ಒಂದು ಕಥೆ ಬರೆದು ಕಳಿಸಿದ. ಅಮೆರಿಕದ ಹಾಡುಗಾರ್ತಿ ಸುಝಾನ್ ವೇಗಾ 1987ರ ಆಲ್ಬಂನಲ್ಲಿ ಯಾವ ವಾದ್ಯವೂ ಇಲ್ಲದೆ ಒಂದು ಹಾಡು ಹಾಡಿದ್ದರು. 1990ರಲ್ಲಿ ಡಿಎನ್‌ಎ ಅನ್ನುವ ಇಬ್ಬರು ಬ್ರಿಟಿಷ್ ಪ್ರೊಡ್ಯೂಸರ್‌ಗಳು ಯಾರನ್ನೂ ಕೇಳದೆ ಅದಕ್ಕೆ ಬೀಟ್ ಹಾಕಿದರು. ವೇಗಾ ಅವರ ರೆಕಾರ್ಡ್ ಕಂಪನಿ ಕೇಸ್ ಹಾಕುವ ಬದಲು ಅದನ್ನೇ ಕೊಂಡು ಬಿಡುಗಡೆ ಮಾಡಿತು, ಹಾಡು ಲೋಕವೆಲ್ಲ ಸುತ್ತಿತು. ಕೊನೆಗೆ ಒಂದು ಸಾಲು ಸೇರಿಸಿದ್ದ: "ನಾನು ಕೇಳಿಯೇ ಮಾಡುತ್ತಿದ್ದೇನೆ ಸರ್." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಒಪ್ಪಿದೆ. ಈ ಆಲ್ಬಂನ ಪ್ರೊಡ್ಯೂಸರ್‌ಗಳಲ್ಲಿ ಅವನೇ ಮೊದಲನೆಯವನು.

ಟೇಪ್‌ಗಳದ್ದು ಬೇರೆಯೇ ರಾಮಾಯಣ. ನಾವು 1993ರಲ್ಲಿ ರೆಕಾರ್ಡ್ ಮಾಡಿದ್ದು ಎರಡು ಇಂಚು ಅಗಲದ, 24 ಟ್ರ್ಯಾಕಿನ ಟೇಪಿನಲ್ಲಿ. ಪೂರ್ತಿ ವೇಗದಲ್ಲಿ ಓಡಿಸಿದರೆ ಒಂದು ರೀಲು ಸುಮಾರು 16 ನಿಮಿಷ. ಅವನ್ನು ಇಟ್ಟುಕೊಂಡಿದ್ದವರು ತೇವದ ಕೋಣೆಯಲ್ಲಿ ಮರೆತಿದ್ದರು, ಒಂದು ರೀಲು ಕಳೆದೇಹೋಗಿತ್ತು. ಯಾರು ಅಂತ ಬರೆಯುವುದಿಲ್ಲ, ಸಿಟ್ಟು ಆರಿದೆ. ಉಳಿದವು ಅಂಟಂಟು. ಆ ಕಾಲದ ಕೆಲವು ಟೇಪ್‌ಗಳ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಹಾಗೇ ಮಷೀನಿಗೆ ಹಾಕಿದರೆ ಕಂದು ಪುಡಿ ಟೇಪ್ ಓದುವ ಹೆಡ್‌ಗೆ ಮೆತ್ತಿಕೊಂಡು, ಅದರ ಜೊತೆ ಹಾಡೂ ಉದುರಿಹೋಗುತ್ತದೆ. ಅದಕ್ಕೆ ಮದ್ದು, ಟೇಪನ್ನು ಬೇಯಿಸುವುದು! ಸುಮಾರು 54 ಡಿಗ್ರಿಯಲ್ಲಿ, ಗಂಟೆಗಟ್ಟಲೆ, ಶಾಖ ಹೆಚ್ಚುಕಮ್ಮಿ ಆಗದ ಹಾಗೆ ಕಾದುಕೊಂಡು. ಬೆಂದ ಟೇಪು ಕೆಲವು ವಾರ ಮಾತ್ರ ನೆಟ್ಟಗಿರುತ್ತದೆ, ಅಷ್ಟರಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಆ ಕೆಲಸ ಮಾಡಿದ ಹಿರಿಯ ಎಂಜಿನಿಯರ್ ಮಗುವಿಗೆ ಜ್ವರ ನೋಡುವ ಹಾಗೆ ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ನೋಡುತ್ತಿದ್ದರು. ಅಣ್ಣಾ, ನೀವಿಲ್ಲದಿದ್ದರೆ ಈ ಬರಹವೇ ಇಲ್ಲ.

ಹಕ್ಕುಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹಾಡು ಬರೆದವರ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಮೊದಲನೆಯದು ನನ್ನದು, ಎರಡನೆಯದು ನನ್ನದಲ್ಲ ಅಂತ ನನಗೆ ಇಷ್ಟು ವರ್ಷ ಸರಿಯಾಗಿ ಗೊತ್ತೇ ಇರಲಿಲ್ಲ. ಹಳೇ ಒಪ್ಪಂದವನ್ನು ಸಾಲು ಸಾಲಾಗಿ ಓದಿ ಅನುಮತಿ ತಂದುಕೊಟ್ಟ ವಕೀಲ ಗೆಳತಿಗೆ ಒಂದು ದೊಡ್ಡ ಥ್ಯಾಂಕ್ಸ್. ಅವಳಿಗೆ ರಾಕ್ ಇಷ್ಟವಿಲ್ಲ. ಈಗಲೂ ಇಲ್ಲ.

ಇನ್ನು ಉಸಿರಿನ ವಿಷಯ. ಇದನ್ನು ಹೇಳಲಿಕ್ಕೇ ನಾನು ಇವತ್ತು ಬರೆಯುತ್ತಿರುವುದು.

ಟೇಪ್ ಇಳಿಸಿದ ಮೇಲೆ ಎರಡನೇ ಪ್ರೊಡ್ಯೂಸರ್ ನನ್ನನ್ನು ಕೂರಿಸಿಕೊಂಡಳು. ಇಪ್ಪತ್ತೆಂಟು ವರ್ಷದ ಹುಡುಗಿ, ಮಾತು ಕಮ್ಮಿ. ಗಿಟಾರ್, ಬಾಸ್, ಡ್ರಮ್ಸ್ ಎಲ್ಲ ಮ್ಯೂಟ್ ಮಾಡಿ ನನ್ನ ಗಾಯನದ ಟ್ರ್ಯಾಕ್ ಒಂದನ್ನೇ ಹಾಕಿದಳು. ಇಪ್ಪತ್ತಾರರ ನನ್ನ ದನಿ ಬರೀ ಮೈಯಲ್ಲಿ ಎದುರು ಬಂದು ನಿಂತ ಹಾಗಿತ್ತು. ಶ್ರುತಿ ಅಲ್ಲಲ್ಲಿ ಜಾರುತ್ತದೆ, ಸಾಲಿನ ಕೊನೆಯ ಅಕ್ಷರ ನುಂಗಿದ್ದೇನೆ, ಮತ್ತೆ ಪ್ರತಿ ಸಾಲಿಗೂ ಮೊದಲು ಒಂದು ಭಯಂಕರ ಉಸಿರು. ಹಹ್ ಅಂತ ಮುಳುಗುತ್ತಿರುವವನು ಎಳೆದುಕೊಳ್ಳುವ ಥರದ್ದು. ಆಗಿನ ಮಿಕ್ಸ್‌ನಲ್ಲಿ ಅದನ್ನೆಲ್ಲ ಅಳಿಸಿಹಾಕಿದ್ದೆವು. ಪಕ್ಕದಲ್ಲಿ ಕೂತು ಅಳಿಸು, ಅಳಿಸು ಅಂತ ಹೇಳಿದ್ದು ನಾನೇ. ಆದರೆ ಮೂಲ ಟೇಪಿನಲ್ಲಿ ಅದು ಹಾಗೇ ಉಳಿದಿತ್ತು.

ಇದನ್ನು ತೆಗೆದುಬಿಡಮ್ಮ ಅಂದೆ. ಅವಳು ತಲೆ ಎತ್ತಲೇ ಇಲ್ಲ. ಒಂದು ಉಸಿರನ್ನು ಮೌಸಿನಲ್ಲಿ ಹಿಡಿದು, ತುದಿ ಕತ್ತರಿಸಿ, ಮೇಲಿನ ಚೂಪಾದ ಭಾಗ ಮಾತ್ರ ಉಳಿಸಿ, ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳದ ತಟ್ಟೆ) ಬರಬೇಕಾದ ಜಾಗದಲ್ಲೆಲ್ಲ ಜೋಡಿಸಿದಳು. ಚ್, ಚ್, ಚ್. ಇನ್ನೊಂದು ಉಸಿರನ್ನು ತಿರುಗಾಮುರುಗಾ ಓಡಿಸಿ ಪಲ್ಲವಿಗೆ ಮೊದಲು ಇಟ್ಟಳು, ಅಲೆ ಏರುವ ಹಾಗೆ. ಹತ್ತು ನಿಮಿಷ ಆಗಿರಬಹುದು. ಹಾಡು ನಡೆಯತೊಡಗಿತು, ಒಂದೇ ಒಂದು ಡ್ರಮ್ ಇಲ್ಲದೆ. ನಾನು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಬಾಗಿಲ ಬಳಿ ನಿಂತೆ. ಉಸಿರು ಸಾಲದೆ ಲೋಟದಲ್ಲಿ ಗುಳ್ಳೆ ಬಿಟ್ಟು ಬಂದವನು ನಾನು. ಅವಳಿಗೆ ಆ ಕಥೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಇವತ್ತು ಓದಿ ತಿಳಿದುಕೊಳ್ಳುತ್ತಾಳೆ.

ಡ್ರಮ್ಮರ್‌ಗೆ ನಾನು ಒಂದು ಕ್ಷಮೆ ಬಾಕಿ ಇಟ್ಟಿದ್ದೆ. ಪಲ್ಲವಿ ಬಂದರೆ ಓಡುತ್ತೀಯ ಅಂತ ಅವನನ್ನು ಮೂವತ್ತು ವರ್ಷ ಬೈದಿದ್ದೇವೆ. ಅಳತೆ ಹಾಕಿದರೆ ನಿಜವೇ, ನಿಮಿಷಕ್ಕೆ 118 ಬೀಟ್‌ನಲ್ಲಿ ಶುರು ಮಾಡಿ ಪಲ್ಲವಿಯಲ್ಲಿ 124ಕ್ಕೆ ಹೋಗಿದ್ದಾನೆ. ಮೆಸೇಜ್ ಕಳಿಸಿದ ಆ ಮೊದಲ ಹುಡುಗ ಅದನ್ನು ಗೆರೆ ಎಳೆದು ನೆಟ್ಟಗೆ ಮಾಡುತ್ತಾನೆ ಅಂದುಕೊಂಡೆ, ಕಂಪ್ಯೂಟರ್ ಇರುವುದೇ ಅದಕ್ಕಲ್ವಾ? ಇಲ್ಲ. ಡ್ರಮ್ಮರ್‌ನ ಏರಿಳಿತದ ನಕ್ಷೆ ಮಾಡಿ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್), ಬಾಸ್, ಜೊತೆಗೆ ಆ ಪ್ರಸಿದ್ಧ 808 ಮಷೀನಿನ ಕಿಕ್ ಡ್ರಮ್ ಸದ್ದು, ಎಲ್ಲವೂ ಅವನ ಹಿಂದೆ ಓಡುವ ಹಾಗೆ ಮಾಡಿದ. ಅಂದ ಹಾಗೆ ಈ 808 ಡ್ರಮ್ ಮಷೀನನ್ನು ರೋಲ್ಯಾಂಡ್ ಕಂಪನಿ ತಂದದ್ದು 1980ರಲ್ಲಿ, 1983ಕ್ಕೆಲ್ಲ ತಯಾರಿಕೆ ನಿಲ್ಲಿಸಿತ್ತು. ಅಂದರೆ ನಾನು "ಇವತ್ತಿನ ಹುಡುಗರ ಯಂತ್ರ" ಅಂತ ಬೈಯುತ್ತಿದ್ದದ್ದು ನಮ್ಮ ಬ್ಯಾಂಡಿಗಿಂತ ಹಳೇದು.

ಒಂದು ಹಾಡಿನ ಬಗ್ಗೆ ನನಗೇ ಇನ್ನೂ ಪೂರ್ತಿ ಅರಗಿಲ್ಲ. ಪಲ್ಲವಿಯಲ್ಲಿ "ಹೋಗು" ಅಂತ ಒಂದೇ ಮಾತು, ನಾಲ್ಕು ಸಲ. ಆಗ ಅದು ಬೈಗುಳ. ಎದುರಿಗಿರುವವರ ಮುಖಕ್ಕೆ ಬಾಗಿಲು ಬಡಿದ ಹಾಗೆ ಹಾಡಿದ್ದೆ. ಈಗಿನ ದನಿಗೆ ಹೊಂದಲು ಹಾಡನ್ನು ಮೂರು ಸೆಮಿಟೋನ್ ಇಳಿಸಬೇಕಿತ್ತು. ವೇಗ ಬದಲಿಸದೆ ಶ್ರುತಿ ಮಾತ್ರ ಇಳಿಸುವ ಸಾಫ್ಟ್‌ವೇರ್ ಇದೆ, ಆದರೆ ಮೂರನೇ ಪ್ರೊಡ್ಯೂಸರ್ ಅದನ್ನು ಮುಟ್ಟದೆ ಹಳೇ ಟೇಪಿನ ಕಾಲದವರ ಹಾಗೆ ಇಡೀ ಹಾಡನ್ನೇ ನಿಧಾನ ಮಾಡಿದ. 120 ಇದ್ದ ವೇಗ 101ಕ್ಕೆ ಇಳಿಯಿತು. "ಹೋಗು" ಅನ್ನುವುದು "ಹೋ...ಗೂ" ಆಯಿತು. ಕೇಳಿದರೆ, ಹೋಗಬೇಡ ಅಂತ ಬೇಡಿಕೊಂಡ ಹಾಗಿದೆ. ಅಕ್ಷರ ಒಂದೂ ಬದಲಾಗಿಲ್ಲ. ಆ ಹಾಡು ಯಾರ ಮೇಲೆ ಬರೆದದ್ದೋ ಅವರೂ ಇದನ್ನು ಓದಬಹುದು. ಹಾಡು ಕೇಳಿ, ಬೇರೆ ಏನೂ ಹೇಳುವುದಿಲ್ಲ.

ಕಳೆದುಹೋದ ರೀಲಿನ ಮೂರು ಹಾಡುಗಳಿಗೆ ಬಿಡಿ ಟ್ರ್ಯಾಕ್ ಇರಲಿಲ್ಲ. ಮುಗಿದ ರೆಕಾರ್ಡಿನಿಂದಲೇ ದನಿಯನ್ನು ಬೇರ್ಪಡಿಸುವ ತಂತ್ರಾಂಶ ಈಗ ಬಂದಿದೆ. ಎರಡು ಹಾಡಿಗೆ ಅದು ಕೈ ಹಿಡಿಯಿತು. ಮೂರನೆಯದರಲ್ಲಿ ಗಿಟಾರ್ ಅಷ್ಟು ಗದ್ದಲ ಮಾಡಿತ್ತು, ನನ್ನ ದನಿ ನೀರಿನ ಕೆಳಗಿನಿಂದ ಬಂದ ಹಾಗೆ ಬಂತು. ಹಾಗಾಗಿ ಅದನ್ನು ಹೊಸದಾಗಿ ಹಾಡಿದೆ, ಈಗಿನ ದನಿಯಲ್ಲಿ, ಕೂತುಕೊಂಡು, ಎರಡನೇ ಟೇಕಿಗೆ ಮುಗಿಯಿತು. ಆ ನೀರಿನೊಳಗಿನ ದನಿಯನ್ನು ಅವರು ಬಿಸಾಡಲಿಲ್ಲ, ಹಿಂದೆ ದೂರದಲ್ಲಿ ಇಟ್ಟಿದ್ದಾರೆ. ಗಮನಿಸಿ ಕೇಳಿದರೆ ಮಾತ್ರ ಸಿಗುತ್ತದೆ.

ಗಿಟಾರಿಸ್ಟ್ ವಿಷಯಕ್ಕೆ ಬಂದೆ. ಅವನ ಸೋಲೋ ಇದ್ದ ಜಾಗದಲ್ಲಿ ಈಗ ಹದಿನಾರು ಬಾರ್ (ತಾಳದ ಹದಿನಾರು ಸುತ್ತು) ಬರೀ ಬಾಸ್ ಇದೆ. ಮೊದಲೇ ಫೋನ್ ಮಾಡಿ ಹೇಳಬೇಕಿತ್ತು, ಹೇಳಲಿಲ್ಲ. ಬೇರೆಯವರಿಂದ ಗೊತ್ತಾಗಿ ಎರಡು ತಿಂಗಳು ಮಾತು ಬಿಟ್ಟ. ತಪ್ಪು ನನ್ನದೇ. ಆಮೇಲೆ ಒಂದು ದಿನ ಬಂದ, ಕಾಲು ಮೇಲೆ ಕಾಲು ಹಾಕಿ ಕೂತು ಪೂರ್ತಿ ಕೇಳಿದ. "ನನ್ನ ಸೋಲೋ ಇಲ್ಲದೆ ಹಾಡು ಚೆನ್ನಾಗಿದೆ. ಅದೇ ನನ್ನ ಸಿಟ್ಟು" ಅಂದ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ, ಹೊರಟ. ಆ ಸಹಿಗೆ ಥ್ಯಾಂಕ್ಸ್, ಆ ಮಾತಿಗೆ ಇನ್ನೂ ಜಾಸ್ತಿ.

ದನಿ ಹೋದ ಕಾಲದಲ್ಲಿ ನೀವು ಎಷ್ಟೋ ಜನ ಪತ್ರ ಬರೆದಿರಿ, ಹಳೆ ಕ್ಯಾಸೆಟ್‌ಗಳ ಫೋಟೋ ಕಳಿಸಿದಿರಿ. ಎಲ್ಲ ಓದಿದ್ದೇನೆ. ಉತ್ತರ ಬರೆಯದಿದ್ದದ್ದು ಸೊಕ್ಕಿನಿಂದಲ್ಲ, ಏನು ಬರೆಯಬೇಕೋ ತೋಚದೆ. "ನಮ್ಮ ಹಾಡನ್ನು ಹಾಳು ಮಾಡಬೇಡಿ" ಅಂದವರೂ ಇದ್ದೀರಿ. ನೀವು ಹಾಗೆ ಬರೆದಾಗ ಖುಷಿಯೇ ಆಯಿತು, ಯಾಕಂದ್ರೆ ಅದು ನಿಮ್ಮ ಹಾಡು ಅಂತ ನೀವು ಅಂದುಕೊಂಡಿದ್ದೀರಲ್ಲ. ಹಳೇ ರೂಪ ಎಲ್ಲೂ ಹೋಗಿಲ್ಲ, ಹಾಗೇ ಇದೆ, ಅದನ್ನೇ ಕೇಳಿದರೂ ಬೇಜಾರಿಲ್ಲ.

ಸ್ಟೇಜಿನಲ್ಲಿ ಇದನ್ನೆಲ್ಲ ಹೇಗೆ ಆಡಿಸುವುದು ಅಂತ ಇನ್ನೂ ಗೊತ್ತಾಗಿಲ್ಲ. ಮೊನ್ನೆ ಡ್ರಮ್ಮರ್ ಫೋನ್ ಮಾಡಿ ಗಂಭೀರವಾಗಿ ಕೇಳಿದ: "ಅಲ್ಲ ಮಾರಾಯ, ಶೋನಲ್ಲಿ ಆ ಮಷೀನು ನನ್ನ ಹಿಂದೆ ಬರುತ್ತೋ, ನಾನು ಅದರ ಹಿಂದೆ ಹೋಗಬೇಕೋ?" ಹುಡುಗರು ಒಂದು ಹೇಳುತ್ತಾರೆ, ಅವನು ಇನ್ನೊಂದು ಹೇಳುತ್ತಾನೆ. ಶನಿವಾರ ರಿಹರ್ಸಲ್ ಇದೆ.