ಗುಜರಿಗೆಂದು ಕೊಟ್ಟ ಬೋಳು ಟೈರನ್ನು ಕೊರೆದು ಮಾರಿರುವ ಬಗ್ಗೆ ದೂರು

ಸುಂಟಿಕೊಪ್ಪ, ಕೊಡಗು ಜಿಲ್ಲೆ
ದಿನಾಂಕ: 17 ನವೆಂಬರ್ 2025

ಇವರಿಗೆ,
ವ್ಯವಸ್ಥಾಪಕರು,
ಟೈರು ಮಾರಾಟ ಮತ್ತು ವೀಲ್ ಅಲೈನ್‌ಮೆಂಟ್ ಮಳಿಗೆ,
ಕುಶಾಲನಗರ

ಮಾನ್ಯರೇ,

ವಿಷಯ: 11 ಅಕ್ಟೋಬರ್ 2025ರಂದು ವಿನಿಮಯಕ್ಕೆ ಕೊಟ್ಟ ನಾಲ್ಕು ಹಳೆಯ ಟೈರುಗಳಿಗೆ ಒಪ್ಪಿದ ಬೆಲೆ ಕೊಡದಿರುವುದು ಹಾಗೂ ಅವುಗಳಲ್ಲಿ ಗುಜರಿಗೆಂದೇ ಕೊಟ್ಟ ಎರಡನ್ನು ಕೊರೆದು ಮರುಮಾರಾಟ ಮಾಡಿರುವುದು.

ನಿಮ್ಮ ಮಳಿಗೆಯ ಮೇಲೆ ನನಗೆ ಎರಡು ದೂರುಗಳಿವೆ. ಒಂದು 1,400 ರೂಪಾಯಿಯದ್ದು. ಅದನ್ನು ನೀವು ಇಂದು ಕೊಟ್ಟರೂ ಮುಂದಿನ ತಿಂಗಳು ಕೊಟ್ಟರೂ ನನ್ನ ಮನೆ ನಡೆಯುತ್ತದೆ. ಇನ್ನೊಂದು, ಈ ಹೊತ್ತಿನಲ್ಲಿ ಕೊಡಗಿನ ಯಾವುದೋ ರಸ್ತೆಯ ಮೇಲೆ ಯಾರದೋ ಕಾರಿನಡಿ ಉರುಳುತ್ತಿರುವ ಒಂದು ಟೈರಿನದ್ದು. ಅದು ಮುಂದಿನ ತಿಂಗಳವರೆಗೆ ಕಾಯುವಂಥದ್ದಲ್ಲ. ನವೆಂಬರ್ 3ರಂದು ನಿಮ್ಮ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಸರಿಯಾದ ಉತ್ತರ ಸಿಗದ ಕಾರಣ, ನಡೆದದ್ದನ್ನೆಲ್ಲ ಮೊದಲಿನಿಂದ ಬರೆದು ತಿಳಿಸುತ್ತಿದ್ದೇನೆ.

ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಸುಂಟಿಕೊಪ್ಪದ ಹತ್ತಿರ ಎರಡು ಎಕರೆ ಕಾಫಿ ತೋಟವಿದೆ. ರೈಲೇ ಇಲ್ಲದ ಜಿಲ್ಲೆಯಲ್ಲಿ, ಸಂಜೆಯಾದರೆ ಬಸ್ಸೂ ಬಾರದ ಒಳದಾರಿಯಲ್ಲಿ ಮನೆಯಿರುವ ನಮ್ಮಂಥವರಿಗೆ ಕಾರು ಶೋಕಿಯ ವಸ್ತುವಲ್ಲ. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲದ್ದರಿಂದ ಇರುವುದನ್ನೇ ಜೋಪಾನ ಮಾಡಿಕೊಂಡು ಬಂದಿದ್ದೇನೆ. ಆಯಿಲ್ ಬದಲಿಸಿದ ದಿನ, ಟೈರುಗಳನ್ನು ಹಿಂದುಮುಂದು ಮಾಡಿದ ಕಿಲೋಮೀಟರು, ಪಂಚರ್ ಹಾಕಿಸಿದ ಜಾಗ, ಕೊಟ್ಟ ಹಣ ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಈ ಪತ್ರದಲ್ಲಿ ಬರುವ ಸಂಖ್ಯೆಗಳು ಆ ಪುಸ್ತಕದವೇ.

ನಮ್ಮಲ್ಲಿ ಎರಡು ಕಾರುಗಳಿದ್ದವು. ಒಂದು 2004ರ ಮಾರುತಿ 800. ಅದರ ನೋಂದಣಿಯನ್ನು 2019ರಲ್ಲಿ ಐದು ವರ್ಷಕ್ಕೆ ನವೀಕರಿಸಿದ್ದೆ. 2023ರ ಜೂನ್‌ನಲ್ಲಿ ಮಳೆಗಾಲ ಹಿಡಿಯುವ ಮೊದಲು ಅದಕ್ಕೆ ಎರಡು ಹೊಸ ಟೈರು ಹಾಕಿಸಿದೆ. ಉಳಿದೆರಡನ್ನು ಮರುವರ್ಷ ಬದಲಿಸುವ ಯೋಚನೆಯಿತ್ತು. ಆದರೆ 2024ರಲ್ಲಿ ಮತ್ತೆ ನವೀಕರಣಕ್ಕೆ ಒಯ್ಯುವ ಮುನ್ನ ಗ್ಯಾರೇಜಿನಲ್ಲಿ ಮ್ಯಾಟು ಎತ್ತಿ ನೋಡಿದಾಗ, ಚಾಲಕನ ಕಾಲಡಿಯ ತಗಡನ್ನು ತುಕ್ಕು ಪೂರ್ತಿ ತಿಂದುಹಾಕಿತ್ತು. ವೆಲ್ಡಿಂಗು, ಪೇಂಟು, ಮೇಲೆ 5,000 ರೂಪಾಯಿಯ ನವೀಕರಣ ಶುಲ್ಕ ಎಲ್ಲ ಸೇರಿದರೆ ಕಾರಿನ ಬೆಲೆಯನ್ನೇ ಮೀರುತ್ತಿತ್ತು. ಗಾಡಿಯನ್ನು ಗುಜರಿಗೆ ಕೊಡುವುದೆಂದು ತೀರ್ಮಾನಿಸಿ, ಚಕ್ರ ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಎತ್ತಿ ಶೆಡ್ಡಿನಲ್ಲಿ ನಿಲ್ಲಿಸಿದೆ.

ಆ ಟೈರುಗಳನ್ನು ಇನ್ನೊಂದು ಕಾರಿಗೇ ಹಾಕಿಕೊಳ್ಳಬಹುದಿತ್ತಲ್ಲ ಎಂದು ನಿಮ್ಮ ಸಿಬ್ಬಂದಿ ಅಂದು ಕೇಳಿದರು. ನನ್ನ ಇನ್ನೊಂದು ಕಾರು 2010ರ ಆಲ್ಟೋ. ಅದರ ಟೈರಿನ ಅಳತೆ 145/80 ಆರ್ 12, 800ರದ್ದು 145/70 ಆರ್ 12. ರಿಮ್ಮಿನ ಗಾತ್ರ ಒಂದೇ ಆದರೂ ಚಕ್ರದ ಒಟ್ಟು ವ್ಯಾಸದಲ್ಲಿ ಹತ್ತಿರಹತ್ತಿರ 3 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಚಿಕ್ಕದನ್ನು ಹಾಕಿದರೆ ಕಾರು ನೆಲಕ್ಕೆ ಒಂದೂವರೆ ಸೆಂಟಿಮೀಟರ್ ಹತ್ತಿರವಾಗುತ್ತದೆ, ಸ್ಪೀಡೋಮೀಟರೂ ಸುಳ್ಳು ಹೇಳತೊಡಗುತ್ತದೆ. ನಮ್ಮ ತೋಟದ ದಾರಿಯ ಕಲ್ಲುಗಳಿಗೆ ಆ ಒಂದೂವರೆ ಸೆಂಟಿಮೀಟರ್ ದೊಡ್ಡದು. ಆದ್ದರಿಂದ 800ರ ನಾಲ್ಕೂ ಟೈರುಗಳನ್ನು ಮಾರಿ, ಬಂದ ಹಣವನ್ನು ಆಲ್ಟೋಗೆ ಎರಡು ಹೊಸ ಟೈರು ಕೊಳ್ಳಲು ಬಳಸುವುದು ನನ್ನ ಲೆಕ್ಕವಾಗಿತ್ತು. ಆಲ್ಟೋಗೂ ಈ ವರ್ಷ ಹದಿನೈದು ತುಂಬಿ ನೋಂದಣಿ ನವೀಕರಣದ ಖರ್ಚು ಬಂದಿತ್ತು. ಟೈರುಗಳ ಮೇಲಿನ ಜಿಎಸ್‌ಟಿ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯುತ್ತದೆಂದು ತಿಳಿದು, ಅಲ್ಲಿಯವರೆಗೆ ತಡೆದುಕೊಂಡೇ ನಿಮ್ಮಲ್ಲಿಗೆ ಬಂದದ್ದು.

ಬರುವ ಮುನ್ನ ಫೋನಿನಲ್ಲಿ ಯಾವುದನ್ನೂ ಮುಚ್ಚಿಡದೆ ಹೇಳಿದ್ದೆ. ಎರಡು ಟೈರು 2023ರ 14ನೆಯ ವಾರ ತಯಾರಾದವು. ಪಕ್ಕದ ಗೋಡೆಯಲ್ಲಿ 1423 ಎಂಬ ನಾಲ್ಕಂಕಿ ಇದೆ. ಓಡಿದ್ದು ಸುಮಾರು 6,000 ಕಿಲೋಮೀಟರು. ಇನ್ನೆರಡು 0816, ಅಂದರೆ 2016ರ 8ನೆಯ ವಾರದವು. ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರಿನ ಉಬ್ಬು, ಪೂರ್ತಿ ಸವೆದು, ಗೀರುಗಳ ತಳದಲ್ಲಿರುವ ಸವೆತದ ಗುರುತುಪಟ್ಟಿಯ ಮಟ್ಟಕ್ಕೆ ಬಂದಿವೆ. ಹೀಗೆ ವಿವರಿಸಿ, ಕೊನೆಯ ಎರಡು ರಸ್ತೆಗೆ ಯೋಗ್ಯವಲ್ಲ, ಗುಜರಿ ಬೆಲೆ ಮಾತ್ರ ಸಾಕು ಎಂದಿದ್ದೆ. ಅಕ್ಟೋಬರ್ 11ರ ಶನಿವಾರ ನಿಮ್ಮ ಮಳಿಗೆಯ ಹುಡುಗ ನನ್ನೆದುರೇ ಗೇಜು ಇಟ್ಟು ಅಳೆದ. ಒಳ್ಳೆಯ ಎರಡರಲ್ಲಿ 6 ಮಿಲಿಮೀಟರ್ ಆಳ ಬಂತು. ಅವಕ್ಕೆ ತಲಾ 900, ಸವೆದವಕ್ಕೆ ತಲಾ 100, ಒಟ್ಟು 2,000 ರೂಪಾಯಿ ಎಂದು ನಿಮ್ಮ ಮಳಿಗೆಯ ಚೀಟಿಯಲ್ಲೇ ಬರೆದುಕೊಟ್ಟ. ಅಷ್ಟು ಅಚ್ಚುಕಟ್ಟಾಗಿ ಅಳೆದು ಬರೆದ ಆ ಹುಡುಗನ ಮೇಲೆ ನನ್ನ ದೂರೇನೂ ಇಲ್ಲ, ಈ ಪತ್ರದ ನೆಪದಲ್ಲಿ ಅವನ ಕೆಲಸಕ್ಕೆ ಕುತ್ತು ಬರಬಾರದೆಂದೂ ಕೋರುತ್ತೇನೆ.

ಆಲ್ಟೋಗೆ ಹೊಸ ಟೈರು ಹಾಕಿ, ಅಲೈನ್‌ಮೆಂಟ್ ಮುಗಿಸಿ ಬಿಲ್ಲು ಕೈಗೆ ಬಂದಾಗ ಹಳೆಯ ಟೈರುಗಳ ಸಾಲಿನಲ್ಲಿ ‘ಸ್ಕ್ರಾಪ್, 4, 600 ರೂಪಾಯಿ’ ಎಂದಿತ್ತು. 800 ಈಗ ಯಾರ ಹತ್ತಿರ ಇದೆ, ಆ ಸೈಜು ಯಾರೂ ಕೇಳುವುದಿಲ್ಲ, ನಾಲ್ಕೂ ಗುಜರಿಯೇ ಎಂದು ಕೌಂಟರಿನಲ್ಲಿದ್ದವರು ಹೇಳಿದರು. ಹಾಗಾದರೆ ನನ್ನ ಟೈರುಗಳನ್ನು ವಾಪಸು ಕೊಡಿ ಎಂದೆ. ಆಗಲೇ ಗೋದಾಮಿಗೆ ಹೋಗಿವೆ ಎಂಬ ಉತ್ತರ ಬಂತು. ಒಂದು ಗಂಟೆಯ ಹಿಂದೆ ಡಿಕ್ಕಿಯಿಂದ ಇಳಿಸಿದ ಟೈರು ಅಷ್ಟರಲ್ಲಿ ಮರಳಿ ತರಲಾಗದಷ್ಟು ದೂರ ಹೋಗಿತ್ತೆಂದು ನಾನು ನಂಬಲಿಲ್ಲ. ಆದರೆ ತುಲಾ ಸಂಕ್ರಮಣ ಹತ್ತಿರವಾಗಿತ್ತು, ಮನೆಯವರನ್ನು ಭಾಗಮಂಡಲಕ್ಕೆ ಕರೆದೊಯ್ಯಬೇಕಿತ್ತು, ಕಾರು ನಿಮ್ಮ ಅಂಗಳದಲ್ಲಿತ್ತು. ಹೊಸ ಟೈರುಗಳ ಬೆಲೆ 5,480ರಲ್ಲಿ 600 ಕಳೆದು ಉಳಿದದ್ದನ್ನೂ ಅಲೈನ್‌ಮೆಂಟಿನ ಹಣವನ್ನೂ ಕೊಟ್ಟು ಬಂದೆ. ನಾನು ಕೇಳದಿದ್ದರೂ ನೈಟ್ರೋಜನ್ ತುಂಬಿ 200 ರೂಪಾಯಿ ಸೇರಿಸಿದ್ದಿರಿ. ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ, ಕೇಳುತ್ತಿಲ್ಲ.

ಇದು ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ಬರೆಯುತ್ತಿರಲಿಲ್ಲ.

ನವೆಂಬರ್ 3ರ ಸೋಮವಾರ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತೆಂದು ತೋರಿಸಲು ಮತ್ತೆ ಬಂದಿದ್ದೆ. ‘ಸೆಕೆಂಡ್ಸ್’ ಎಂದು ಬರೆದ ನಿಮ್ಮ ಹಲಗೆಯ ಸಾಲಿನಲ್ಲಿ, ಯಾರೂ ಕೇಳುವುದಿಲ್ಲವೆಂದ ಅಳತೆಯ ಮೂರು ಟೈರುಗಳಿದ್ದವು. ಎರಡು ನನ್ನ 1423ರವು, ಬೆಲೆ ತಲಾ 1,500. ಮೂರನೆಯದು ಕಪ್ಪು ಪಾಲಿಶ್ ಬಳಿದು ಮಿರಮಿರ ಮಿಂಚುತ್ತಿತ್ತು, ಬೆಲೆ 1,000. ಅದರ ಗೀರುಗಳು ಆಳವಾಗಿ, ಅಂಚು ಚೂಪಾಗಿ ಇದ್ದವು. ತಿರುಗಿಸಿ ನೋಡಿದರೆ ಪಕ್ಕದಲ್ಲಿ 0816. ನಡುವಿನ ಗೀರಿನಲ್ಲಿ, ಎರಡು ವರ್ಷದ ಹಿಂದೆ ಸುಂಟಿಕೊಪ್ಪದಲ್ಲಿ ನಾನು ಹಾಕಿಸಿದ್ದ ಪಂಚರಿನ ಪ್ಲಗ್ಗು ಇತ್ತು. ಗೀರು ಕೊರೆಯುವಾಗ ಅದರ ತಲೆಯೂ ಅರ್ಧ ಕತ್ತರಿಸಿಹೋಗಿತ್ತು. ಅದು ನನ್ನದೇ ಟೈರು ಎಂಬುದರಲ್ಲಿ ಸಂಶಯವಿಲ್ಲ. ಮಾರುವ ಮೊದಲು ನಾಲ್ಕರ ಫೋಟೋವನ್ನೂ ತೆಗೆದಿಟ್ಟಿದ್ದೇನೆ.

ಬಿಸಿ ಬ್ಲೇಡಿನಿಂದ ಗೀರು ಕೊರೆಯುವುದು ಲಾರಿ ಟೈರುಗಳಲ್ಲಿ ಇದೆ ಎಂಬುದು ನನಗೆ ಗೊತ್ತು. ಆದರೆ ಅದಕ್ಕೆಂದೇ ತಳದಲ್ಲಿ ಹೆಚ್ಚಿನ ರಬ್ಬರು ಬಿಟ್ಟು, ಮತ್ತೆ ಕೊರೆಯಬಹುದೆಂದು ಪಕ್ಕದಲ್ಲಿ ಅಚ್ಚೊತ್ತಿದ ಟೈರುಗಳಿಗೆ ಮಾತ್ರ ಅದು ಸಲ್ಲುತ್ತದೆ. ಕಾರಿನ ಟೈರಿನಲ್ಲಿ ಗೀರಿನ ತಳಕ್ಕೂ ಉಕ್ಕಿನ ತಂತಿಯ ಪದರಕ್ಕೂ ನಡುವೆ ಇರುವುದು ತೆಳು ರಬ್ಬರು. ಅದನ್ನು ಕೊರೆದರೆ ಟೈರಿಗೆ ಬಟನ್ ಬರುವುದಿಲ್ಲ, ಬಟನ್ ಇದ್ದಂತೆ ಕಾಣುತ್ತದೆ ಅಷ್ಟೆ. ತಳ ತೆಳುವಾದಲ್ಲಿ ನೀರು ಇಳಿದು ತಂತಿ ತುಕ್ಕು ಹಿಡಿಯುತ್ತದೆ, ಪದರ ಸಡಿಲವಾಗುತ್ತದೆ. ಹೊತ್ತ ಭಾರಕ್ಕೂ ಬಿಸಿಗೂ ಒಂದು ದಿನ ಮೇಲಿನ ರಬ್ಬರು ಕಿತ್ತುಬರಬಹುದು, ಟೈರೇ ಸಿಡಿಯಲೂಬಹುದು. ನಾನು ನೋಡಿದ ಟೈರಿನಲ್ಲಿ ಒಂದು ಕಡೆ ಉಕ್ಕಿನ ಎಳೆ ಕಣ್ಣಿಗೆ ಕಾಣುತ್ತಿದೆ. ಅದರ ಮೇಲೆ ಒಂಬತ್ತು ವರ್ಷದ ಹಳೆಯ ರಬ್ಬರು. ಉಗುರು ಒತ್ತಿದರೆ ಗುರುತು ಮೂಡದಷ್ಟು ಗಟ್ಟಿಯಾಗಿದೆ.

ಕೊಳ್ಳುವವರಿಗೆ ಇದು ತಿಳಿಯದಂತೆ ಮಾಡಿರುವುದು ಇನ್ನೂ ದೊಡ್ಡ ತಪ್ಪು. ಕಾರಿನ ಟೈರು 1.6 ಮಿಲಿಮೀಟರಿಗೆ ಸವೆದಾಗ ಗೀರಿನ ತಳದಲ್ಲಿರುವ ಅಡ್ಡಪಟ್ಟಿ ಮೇಲ್ಮೈಗೆ ಸಮವಾಗಿ ಕಾಣಿಸಿಕೊಳ್ಳುತ್ತದೆ. ಓದು ಬರಹ ಬಾರದವರೂ ಬೆರಳಾಡಿಸಿ ತಿಳಿಯಬಹುದಾದ ಗುರುತು ಅದೊಂದೇ. ಈ ಟೈರಿನಲ್ಲಿ ಪಕ್ಕದ ಬಾಣದ ಗುರುತು ಹಾಗೆಯೇ ಇದೆ, ಅದು ತೋರಿಸುವ ಜಾಗದಲ್ಲಿ ಪಟ್ಟಿಯೇ ಇಲ್ಲ. ಗೀರಿನ ಜೊತೆಗೆ ಅದನ್ನೂ ಕೊರೆದು ತೆಗೆಯಲಾಗಿದೆ.

ಜೋಡಿಯ ಇನ್ನೊಂದು ಎಲ್ಲಿ ಎಂದು ಕೇಳಿದೆ. ಹಿಂದಿನ ವಾರ ಸೋಮವಾರಪೇಟೆ ಕಡೆಯ 800 ಒಂದಕ್ಕೆ ಹಾಕಿ ಕಳಿಸಿದ್ದೇವೆ ಎಂದರು. ಹೆಸರಿಲ್ಲ, ಫೋನ್ ನಂಬರಿಲ್ಲ, ಬಿಲ್ಲು ಕೊಟ್ಟಿಲ್ಲ. ಉಳಿದ ಒಂದನ್ನು ಯಾರಿಗೂ ಮಾರಬೇಡಿ, ಕತ್ತರಿಸಿ ಹಾಕಿ ಎಂದು ಕೇಳಿಕೊಂಡೆ. ಬೇಕಾದರೆ ನೀವೇ ಕೊಳ್ಳಿ ಎಂಬ ಮಾತು ಬಂತು. ನೂರು ರೂಪಾಯಿಗೆ ಕೊಟ್ಟ ಟೈರನ್ನು ಸಾವಿರ ರೂಪಾಯಿ ಕೊಟ್ಟು ಕೊಂಡೆ. ಬೇರೆ ದಾರಿ ನನಗೆ ತೋಚಲಿಲ್ಲ. ಅದಕ್ಕೂ ನೀವು ಬಿಲ್ಲು ಕೊಡಲಿಲ್ಲ, ಮೊಬೈಲಿನಲ್ಲಿ ಹಣ ಪಾವತಿಸಿದ ದಾಖಲೆ ನನ್ನಲ್ಲಿದೆ.

ಈಗಲೂ 800 ಇಟ್ಟುಕೊಂಡಿರುವವರು ಯಾರೆಂದು ನಿಮಗೂ ತಿಳಿದಿದೆ. ಆ ಕಾರು ತಯಾರಾಗುವುದು ನಿಂತೇ ಹನ್ನೊಂದು ವರ್ಷ ಕಳೆದಿದೆ. ಕೈಯಲ್ಲಿ ಹೆಚ್ಚು ಹಣವಿಲ್ಲದೆ, ಇದ್ದ ಒಂದು ಗಾಡಿಯಲ್ಲೇ ಮಕ್ಕಳನ್ನೂ ಗೊಬ್ಬರದ ಚೀಲವನ್ನೂ ಸಾಗಿಸುವವರು ಅವರು. ಹೊಸ ಟೈರಿಗೆ ಹಣ ಹೊಂದದೆ, ನಿಮ್ಮ ಮಾತನ್ನೂ ಗೀರಿನ ಆಳವನ್ನೂ ನಂಬಿ ಸಾವಿರ ರೂಪಾಯಿ ಎಣಿಸಿ ಕೊಟ್ಟಿರುತ್ತಾರೆ. ಹುತ್ತರಿ ಹಬ್ಬ ಹತ್ತಿರ ಬಂದಿದೆ. ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ರಾತ್ರಿ ಹೊತ್ತು ಮಂಜಿನಲ್ಲಿ ಸಂಸಾರ ಸಮೇತ ಹೊರಡುವ ಕಾಲ. ಅವರು ಮಡಿಕೇರಿಯಿಂದ ಸಂಪಾಜೆಗೆ ಇಳಿಯಬಹುದು, ಪೆರುಂಬಾಡಿ ದಾಟಿ ಮಾಕುಟ್ಟದ ತಿರುವುಗಳಿಗೆ ಹೋಗಬಹುದು. ಆ ಟೈರನ್ನು ಮಾರಿದವನು ನಾನು. ಗುಜರಿಗೆ ಎಂದು ಹೇಳಿಯೇ ಕೊಟ್ಟಿದ್ದರೂ ನನಗೆ ನಿದ್ದೆ ಬರುತ್ತಿಲ್ಲ.

ಆದ್ದರಿಂದ ಈ ಪತ್ರ ತಲುಪಿದ ಮೂರು ದಿನಗಳ ಒಳಗೆ ನೀವು ಆ ಗ್ರಾಹಕರನ್ನು ಹುಡುಕಿ, ಟೈರನ್ನು ಬಿಚ್ಚಿಸಿ, ಅದರ ಬದಲಿಗೆ ನನ್ನ 1423ರ ಟೈರುಗಳಲ್ಲಿ ಒಂದನ್ನು ಹಣ ಪಡೆಯದೆ ಹಾಕಿಕೊಡಬೇಕೆಂದು ಕೇಳುತ್ತೇನೆ. ನಿಮ್ಮ ಅಂಗಳದಲ್ಲಿ ಎರಡು ಕ್ಯಾಮೆರಾಗಳಿವೆ. ಕಾರಿನ ನಂಬರು ಅವುಗಳ ದೃಶ್ಯದಲ್ಲಿರಬೇಕು. ಹಳೆಯ ದೃಶ್ಯ ಅಳಿಸಿಹೋಗುವ ಮೊದಲು ಇಂದೇ ತೆಗೆದು ನೋಡಿ. ಒಳ್ಳೆಯ ಟೈರು ಆಗಲೇ ಮಾರಾಟವಾಗಿದ್ದರೆ, ನನಗೆ ಬರಬೇಕಾದ 1,400 ರೂಪಾಯಿಯನ್ನು ಅವರ ಹೊಸ ಟೈರಿನ ಬೆಲೆಗೆ ಹೊಂದಿಸಿಕೊಳ್ಳಿ; ಅದನ್ನು ಲಿಖಿತವಾಗಿ ತಿಳಿಸಿದರೆ ನನ್ನ ಹಣದ ದೂರನ್ನು ಅಲ್ಲಿಗೇ ಕೈಬಿಡುತ್ತೇನೆ. ಆ ಒಂದು ಟೈರಿಗೆ ನಾನು ಕೊಟ್ಟ 1,000 ರೂಪಾಯಿ ಮಾತ್ರ ಹಿಂದಿರುಗಿಸಬೇಕು. ಹಾಗೆಯೇ, ನಿಮ್ಮ ಸೆಕೆಂಡ್ಸ್ ಸಾಲಿನಲ್ಲಿ ಹೀಗೆ ಕೊರೆದ ಟೈರು ಇನ್ನೆಷ್ಟಿವೆಯೋ ಅವೆಲ್ಲವನ್ನೂ ತೆಗೆಯಬೇಕು. ಇನ್ನು ಮುಂದೆ ಗುಜರಿ ಬೆಲೆಗೆ ಪಡೆದ ಟೈರಿನ ಪಕ್ಕದ ಗೋಡೆಯನ್ನು ಕೊಟ್ಟವರ ಎದುರಿನಲ್ಲೇ ಕತ್ತರಿಸಬೇಕು. ಅರ್ಧ ನಿಮಿಷದ ಕೆಲಸ ಅದು.

ಬೋಳು ಟೈರಿನ ಗಾಡಿ ರಸ್ತೆಗೆ ಇಳಿಯಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94ನೆಯ ನಿಯಮ ಹೇಳುತ್ತದೆ. ಪ್ರಾಣಕ್ಕೆ ಅಪಾಯ ತರುವ ಸರಕಿನಿಂದ ರಕ್ಷಣೆ ಪಡೆಯುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಗ್ರಾಹಕನ ಹಕ್ಕು. ಮಾರಿದ ಸರಕಿಗೆ ಬಿಲ್ಲು ಕೊಡದಿರುವುದನ್ನೂ ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ಮೂರು ದಿನಗಳಲ್ಲಿ ನಿಮ್ಮಿಂದ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಅರ್ಜಿ ಹಾಕುತ್ತೇನೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ.

ಅಳತೆಯ ಚೀಟಿ, ಬಿಲ್ಲು, ಹಣ ಪಾವತಿಯ ದಾಖಲೆ ಮತ್ತು ಟೈರುಗಳ ಫೋಟೋಗಳ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ಕೊರೆದ ಟೈರು ನನ್ನ ಶೆಡ್ಡಿನಲ್ಲಿದೆ. ನಿಮ್ಮವರು ಯಾವಾಗ ಬೇಕಾದರೂ ಬಂದು ಪರೀಕ್ಷಿಸಬಹುದು. ಆದರೆ ಅದರ ಜೋಡಿ ಸಿಕ್ಕಿತೆಂದು ನೀವು ತೋರಿಸುವವರೆಗೆ ಅದನ್ನು ಯಾರ ಕೈಗೂ ಕೊಡುವುದಿಲ್ಲ.

ಇತಿ,
ನಿಮ್ಮ ಗ್ರಾಹಕ
(ಸಹಿ)